ಇಲ್ಲದ ರೋಗಕ್ಕೆ ಮದ್ದು ಮಾರಿದವರು

2008ರ ಆಸುಪಾಸಿನಲ್ಲಿ ಇಂಟರ್‌ನೆಟ್ ಬಳಸುತ್ತಿದ್ದವರಲ್ಲಿ ಆ ದೃಶ್ಯ ನೋಡದವರು ಕಡಿಮೆ. ಯಾವುದೋ ಹಾಡನ್ನೋ ವಾಲ್‌ಪೇಪರನ್ನೋ ಹುಡುಕುತ್ತಿದ್ದಾಗ ಪುಟ ತಟ್ಟನೆ ಬದಲಾಗಿ, ವಿಂಡೋಸ್ ಎಕ್ಸ್‌ಪಿಯ ‘ಮೈ ಕಂಪ್ಯೂಟರ್’ ತಾನಾಗಿಯೇ ತೆರೆದುಕೊಂಡಂತೆ ಕಾಣುತ್ತಿತ್ತು. ಸಿ ಡ್ರೈವ್, ಡಿ ಡ್ರೈವ್, ಅವುಗಳ ಮೇಲೆ ಸರಸರನೆ ಓಡುವ ಹಸಿರು ಪಟ್ಟಿ, ಮಿಂಚಿ ಮಾಯವಾಗುವ ಫೈಲುಗಳ ಹೆಸರು. ಕೊನೆಗೆ ಕೆಂಪಕ್ಷರದಲ್ಲಿ ಲೆಕ್ಕ: ಇಷ್ಟು ಟ್ರೋಜನ್, ಇಷ್ಟು ಸ್ಪೈವೇರ್, ಕೂಡಲೇ ತೆಗೆದುಹಾಕಲು ಇಲ್ಲಿ ಒತ್ತಿ.

ಮ್ಯಾಕ್ ಬಳಸುವವರಿಗೂ ಅದೇ ಕಾಣುತ್ತಿತ್ತು. ಮ್ಯಾಕ್‌ನಲ್ಲಿ ಸಿ ಡ್ರೈವ್ ಎಂಬುದೇ ಇಲ್ಲ. ಇಡೀ ಮೋಸದ ಗುಟ್ಟು ಅಲ್ಲೇ ಬಯಲಾಗುತ್ತಿತ್ತು: ಅದು ತಪಾಸಣೆಯಲ್ಲ, ತಪಾಸಣೆಯ ಚಿತ್ರ. ಬ್ರೌಸರಿನಲ್ಲಿ ತೆರೆದುಕೊಂಡ ಬರಿಯ ಪುಟವೊಂದಕ್ಕೆ ಮನೆಯ ಕಂಪ್ಯೂಟರಿನ ಹಾರ್ಡ್‌ಡಿಸ್ಕನ್ನು ಜಾಲಾಡಿ ವೈರಸ್ ಎಣಿಸುವ ಶಕ್ತಿ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಆದರೆ ಈ ಒಂದು ಮಾತನ್ನು ಕಂಪ್ಯೂಟರ್ ಕೊಂಡವರಿಗೆ ಹೇಳಿಕೊಟ್ಟವರು ಯಾರೂ ಇರಲಿಲ್ಲ. ‘ವೈರಸ್ ಬರುತ್ತೆ, ಹುಷಾರು’ ಎಂದು ಮಾತ್ರ ಎಲ್ಲರೂ ಹೇಳಿಕೊಟ್ಟಿದ್ದರು. ಆ ಎಚ್ಚರಿಕೆಯನ್ನೇ ಬಂಡವಾಳ ಮಾಡಿಕೊಂಡು ಒಂದು ಕಸುಬು ಬೆಳೆಯಿತು.

ಪರದೆಯ ಮೇಲೆ ಬೆದರಿಸಿ ದುಡ್ಡು ಕೇಳುವ ಚಾಳಿ ಇಂಟರ್‌ನೆಟ್ ಮನೆಮನೆಗೆ ಬರುವ ಮೊದಲಿನದು. 1989ರ ಡಿಸೆಂಬರಿನಲ್ಲಿ ಸುಮಾರು 20,000 ಫ್ಲಾಪಿಗಳು ಅಂಚೆಯಲ್ಲಿ ನಾನಾ ದೇಶಗಳಿಗೆ ಹೋದವು. ಏಡ್ಸ್ ರೋಗದ ಬಗ್ಗೆ ಮಾಹಿತಿ ಕೊಡುವ ಡಿಸ್ಕ್ ಎಂದು ಮೇಲೆ ಬರೆದಿತ್ತು. ಹಾಕಿದವರ ಕಂಪ್ಯೂಟರನ್ನು ಸುಮಾರು 90 ಸಲ ಆನ್ ಮಾಡುವವರೆಗೆ ಸುಮ್ಮನಿದ್ದು, ಆಮೇಲೆ ಅದು ಫೈಲುಗಳ ಹೆಸರನ್ನೆಲ್ಲ ಗೊಂದಲಗೊಳಿಸುತ್ತಿತ್ತು. ಪ್ರಿಂಟರ್ ಆನ್ ಮಾಡಿ ಎಂದು ಹೇಳಿ ಬಿಲ್ ಕೂಡ ಅಚ್ಚುಹಾಕುತ್ತಿತ್ತು. ಪನಾಮಾದ ಒಂದು ಅಂಚೆಪೆಟ್ಟಿಗೆಗೆ 189 ಡಾಲರ್ ಕಳಿಸಬೇಕು. ಕಳಿಸಿದಾತ ಜೋಸೆಫ್ ಪಾಪ್ ಎಂಬ ಅಮೆರಿಕದ ಜೀವಶಾಸ್ತ್ರಜ್ಞ ಎಂದು ಪತ್ತೆಯಾಯಿತಾದರೂ, ಮಾನಸಿಕ ಸ್ಥಿತಿ ಸರಿಯಿಲ್ಲವೆಂಬ ಕಾರಣಕ್ಕೆ ಬ್ರಿಟನ್ನಿನಲ್ಲಿ ವಿಚಾರಣೆ ನಡೆಯಲಿಲ್ಲ. ಇಲ್ಲಿ ಹಾನಿ ನಿಜವಾದದ್ದು. ಹಾನಿಯನ್ನೇ ಮಾಡದೆ ಹಣ ಕೀಳಬಹುದು ಎಂಬುದು ಹೊಳೆಯಲು ಇನ್ನೂ ಹತ್ತಕ್ಕೂ ಹೆಚ್ಚು ವರ್ಷ ಬೇಕಾಯಿತು.

ನಡುವಿನ ಆ ವರ್ಷಗಳಲ್ಲಿ ಹೆದರಿಕೆ ಎಷ್ಟು ಸಲೀಸಾಗಿ ಹಬ್ಬುತ್ತದೆ ಎಂಬುದನ್ನು ಜಗತ್ತು ಕಲಿತುಕೊಂಡಿತು. 1992ರಲ್ಲಿ ‘ಮೈಕೆಲೇಂಜೆಲೋ’ ವೈರಸ್ ಮಾರ್ಚ್ 6ರಂದು, ಅಂದರೆ ಆ ಕಲಾವಿದನ ಹುಟ್ಟುಹಬ್ಬದ ದಿನ, ಡಿಸ್ಕುಗಳನ್ನು ಅಳಿಸಿಹಾಕಲಿದೆ ಎಂಬ ಸುದ್ದಿ ಪತ್ರಿಕೆ, ಟಿವಿಗಳಲ್ಲೆಲ್ಲ ಬಂತು. 50 ಲಕ್ಷ ಕಂಪ್ಯೂಟರುಗಳಿಗೆ ತೊಂದರೆಯಾಗಬಹುದು ಎಂಬ ಅಂದಾಜು ಆಂಟಿವೈರಸ್ ಮಾರುತ್ತಿದ್ದ ಜಾನ್ ಮೆಕಾಫಿ ಹೆಸರಿನಲ್ಲಿ ಓಡಾಡಿತು. ವೈರಸ್ ಇದ್ದದ್ದು ನಿಜ, ಆದರೆ ಕೆಟ್ಟ ಕಂಪ್ಯೂಟರುಗಳ ಸಂಖ್ಯೆ ಸಾವಿರಗಳ ಲೆಕ್ಕ ದಾಟಲಿಲ್ಲ. ಅಷ್ಟರಲ್ಲಿ ಆಂಟಿವೈರಸ್ ಡಬ್ಬಿಗಳು ಭರ್ಜರಿಯಾಗಿ ಮಾರಾಟವಾಗಿದ್ದವು.

1994ರ ಕೊನೆಯಲ್ಲಿ ಬಂದ ‘ಗುಡ್ ಟೈಮ್ಸ್’ ಇನ್ನೊಂದು ಬಗೆಯದು. ಆ ಹೆಸರಿನ ಇಮೇಲ್ ಬಂದರೆ ತೆರೆಯಬೇಡಿ, ಓದಿದರೆ ಸಾಕು ಹಾರ್ಡ್‌ಡಿಸ್ಕ್ ಅಳಿಸಿಹೋಗುತ್ತದೆ ಎಂಬ ಸಂದೇಶ ಕೈಯಿಂದ ಕೈಗೆ ಸಾಗಿತು. ಅಂಥ ವೈರಸ್ ಇರಲೇ ಇಲ್ಲ. ಬರಿಯ ಅಕ್ಷರಗಳ ಇಮೇಲಿಗೆ ಆಗ ಅಂಥ ಶಕ್ತಿಯೂ ಇರಲಿಲ್ಲ. ಹರಡಿದವರು ಕೆಟ್ಟವರಲ್ಲ. ಗೆಳೆಯರಿಗೆ, ಸಹೋದ್ಯೋಗಿಗಳಿಗೆ ತೊಂದರೆಯಾಗದಿರಲಿ ಎಂದು ಕಳಿಸಿದವರು. ಇಂದು ಕುಟುಂಬದ ವಾಟ್ಸ್ಯಾಪ್ ಗುಂಪಿನಲ್ಲಿ ‘ಈ ವಿಡಿಯೋ ತೆರೆಯಬೇಡಿ, ಫೋನ್ ಹ್ಯಾಕ್ ಆಗುತ್ತೆ’ ಎಂದು ಕಳಿಸುವ ಚಿಕ್ಕಪ್ಪನದೂ ಅದೇ ಕಾಳಜಿ.

2001ರಲ್ಲಿ ಈ ಕಾಳಜಿ ಕೈಯಾರೆ ಹಾನಿ ಮಾಡಿಸಿತು. ನಿಮ್ಮ ಕಂಪ್ಯೂಟರಿನಲ್ಲಿ ಎಸ್‌ಯುಎಲ್‌ಎಫ್‌ಎನ್‌ಬಿಕೆ ಎಂಬ ಫೈಲ್ ಇದೆಯೇ ಹುಡುಕಿ, ಇದ್ದರೆ ಅದು ವೈರಸ್, ಅಳಿಸಿಬಿಡಿ, ಎಲ್ಲರಿಗೂ ತಿಳಿಸಿ ಎಂಬ ಸಂದೇಶ ಪೋರ್ಚುಗೀಸ್ ಭಾಷೆಯಲ್ಲಿ ಬ್ರೆಜಿಲಿನಿಂದ ಹೊರಟು ಇಂಗ್ಲಿಷಿಗೆ ಬಂತು. ಹುಡುಕಿದ ಬಹುಪಾಲು ಮಂದಿಗೆ ಅದು ಸಿಗುತ್ತಿತ್ತು, ಏಕೆಂದರೆ ಅದು ವಿಂಡೋಸ್‌ನದೇ ಫೈಲು. ಉದ್ದನೆಯ ಫೈಲ್ ಹೆಸರುಗಳನ್ನು ಉಳಿಸಿಕೊಳ್ಳಲು ಇಟ್ಟದ್ದು. ಮರುವರ್ಷ ಇನ್ನೊಂದು ಫೈಲಿನ ಸರದಿ ಬಂತು. ಅದಕ್ಕೆ ಕರಡಿಮರಿಯ ಗೊಂಬೆಯ ಐಕಾನ್ ಇತ್ತು. ಸಿಸ್ಟಂ ಫೈಲಿಗೆ ಗೊಂಬೆಯ ಚಿತ್ರ ಯಾಕಿರುತ್ತದೆ ಎಂದು ಜನ ಅನುಮಾನಪಟ್ಟು ಅದನ್ನೂ ಅಳಿಸಿದರು. ಆಂಟಿವೈರಸ್ ಕಂಪನಿಗಳು ಅಳಿಸಿದ ಫೈಲನ್ನು ಮತ್ತೆ ತರುವುದು ಹೇಗೆಂದು ಜನರಿಗೆ ವಿವರಿಸಬೇಕಾಯಿತು.

ಇಲ್ಲಿಯವರೆಗೆ ಇಂಥ ಸುಳ್ಳು ಎಚ್ಚರಿಕೆ ಹರಡಿದವರ ಜೇಬಿಗೆ ಕಾಸು ಬಿದ್ದಿರಲಿಲ್ಲ.

2004ರ ಅಕ್ಟೋಬರಿನಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಸ್ಯಾನ್‌ಫರ್ಡ್ ವಾಲೇಸ್ ಎಂಬಾತನ ಮೇಲೆ ಮೊಕದ್ದಮೆ ಹೂಡಿತು. ಆತನ ತಂತ್ರ ಹೀಗಿತ್ತು: ಕೂತಿದ್ದಂತೆಯೇ ಕಂಪ್ಯೂಟರಿನ ಸಿಡಿ ತಟ್ಟೆ ತಾನಾಗಿ ಹೊರಬರುತ್ತಿತ್ತು. ಪರದೆಯಲ್ಲಿ, ನಿಮ್ಮ ಸಿಡಿ ತಟ್ಟೆ ತೆರೆದುಕೊಂಡಿದ್ದರೆ ನಿಮಗೆ ಸ್ಪೈವೇರ್ ಅಂಟಿದೆ, ಕೂಡಲೇ ಮದ್ದು ಬೇಕು ಎಂಬ ಸಂದೇಶ. ತಟ್ಟೆ ತೆರೆಸಿದವನೂ ಆತನೇ, ಮದ್ದಿನ ಜಾಹೀರಾತೂ ಆತನದೇ, ಬೆಲೆ ಸುಮಾರು 30 ಡಾಲರ್. ದೆವ್ವ ಬಿಡಿಸುವ ಮಂತ್ರವಾದಿಯೇ ರಾತ್ರಿ ಹೆಂಚಿನ ಮೇಲೆ ಕಲ್ಲೆಸೆದ ಕಥೆಗಳು ನಮ್ಮ ಹಳ್ಳಿಗಳಲ್ಲೂ ಇವೆ.

ಈ ಬಿಡಿ ಬಿಡಿ ಕೈಚಳಕವನ್ನು ಕಾರ್ಖಾನೆಯ ಮಟ್ಟಕ್ಕೆ ಏರಿಸಿದ್ದು ಯುಕ್ರೇನಿನ ಕೀವ್ ನಗರದಲ್ಲಿ ಕಚೇರಿ ಇಟ್ಟುಕೊಂಡು, ಬೆಲೀಜ್ ದೇಶದಲ್ಲಿ ನೋಂದಣಿಯಾಗಿದ್ದ ಇನ್ನೋವೇಟಿವ್ ಮಾರ್ಕೆಟಿಂಗ್ ಎಂಬ ಕಂಪನಿ. ವಿನ್‌ಫಿಕ್ಸರ್, ವಿನ್‌ಆಂಟಿವೈರಸ್, ಡ್ರೈವ್‌ಕ್ಲೀನರ್, ಎಕ್ಸ್‌ಪಿ ಆಂಟಿವೈರಸ್ ಹೀಗೆ ಒಂದೇ ಸರಕಿಗೆ ಹತ್ತಾರು ಹೆಸರು. 2008ರ ಡಿಸೆಂಬರಿನಲ್ಲಿ ಟ್ರೇಡ್ ಕಮಿಷನ್ ನ್ಯಾಯಾಲಯಕ್ಕೆ ಹೋದಾಗ, ಹತ್ತು ಲಕ್ಷಕ್ಕೂ ಹೆಚ್ಚು ಮಂದಿ ತಲಾ 40 ಡಾಲರ್ ಅಥವಾ ಅದಕ್ಕೂ ಹೆಚ್ಚು ಕೊಟ್ಟು ಕೊಂಡಿದ್ದಾರೆ ಎಂಬ ಲೆಕ್ಕ ಹೊರಬಂತು. ಅವರ ಜಾಣತನ ಇದ್ದದ್ದು ಜಾಹೀರಾತು ಕೊಳ್ಳುವ ರೀತಿಯಲ್ಲಿ. ಹೆಸರಾಂತ ಸಂಸ್ಥೆಗಳ ಪರವಾಗಿ ಬಂದವರಂತೆ ನಟಿಸಿ ಜಾಗ ಕೊಳ್ಳುತ್ತಿದ್ದರು. ಜಾಹೀರಾತು ಕಂಪನಿಯವರು ಪರೀಕ್ಷಿಸಿದಾಗ ಒಳ್ಳೆಯ ಜಾಹೀರಾತು ಕಾಣುವಂತೆ, ಸಾಮಾನ್ಯ ಓದುಗರಿಗೆ ಹುಸಿ ತಪಾಸಣೆ ಕಾಣುವಂತೆ ಪ್ರೋಗ್ರಾಮ್ ಬರೆದಿದ್ದರು. ಈ ಮೊಕದ್ದಮೆಯಲ್ಲಿ 2012ರಲ್ಲಿ ಅಮೆರಿಕದ ನ್ಯಾಯಾಲಯ 16.3 ಕೋಟಿ ಡಾಲರ್ ತೆರಬೇಕೆಂದು ತೀರ್ಪಿತ್ತಿತು.

ಹಾಗಾಗಿ ಕೆಟ್ಟ ಸೈಟಿಗೆ ಹೋದವರಿಗಷ್ಟೇ ಹೀಗಾಗುತ್ತದೆ ಎಂಬ ಮಾತು ಸುಳ್ಳು. 2009ರ ಸೆಪ್ಟೆಂಬರಿನ ಒಂದು ವಾರಾಂತ್ಯ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯ ಜಾಲತಾಣ ಓದುತ್ತಿದ್ದವರಿಗೇ ಈ ಹುಸಿ ತಪಾಸಣೆ ಎದುರಾಯಿತು. ಇಂಟರ್‌ನೆಟ್ ಫೋನ್ ಕಂಪನಿಯೊಂದರ ಹೆಸರಿನಲ್ಲಿ ಜಾಗ ಕೊಂಡವರು ಮೊದಲು ಸರಿಯಾದ ಜಾಹೀರಾತನ್ನೇ ತೋರಿಸಿ ಆಮೇಲೆ ಬದಲಿಸಿದ್ದರು. ಮೋಸಹೋದವರನ್ನು ದಡ್ಡರೆಂದು ಹಳಿಯುವ ನಮ್ಮ ಅಭ್ಯಾಸ ಬಹಳ ತಪ್ಪು. ಅವರು ತಮಗೆ ಕಲಿಸಿದಂತೆಯೇ ನಡೆದುಕೊಂಡಿದ್ದರು: ವೈರಸ್ ಕಂಡರೆ ತಡಮಾಡದೆ ತೆಗೆಸಿ ಎಂದು ಕಲಿಸಿದ್ದೇ ಎಲ್ಲರೂ.

ಒಮ್ಮೆ ಒಳಗೆ ಬಿಟ್ಟುಕೊಂಡರೆ ಮುಂದಿನದು ಯಾತನೆ. ಆ ‘ಆಂಟಿವೈರಸ್’ ನಿಜವಾದ ಆಂಟಿವೈರಸನ್ನು ಓಡಲು ಬಿಡುತ್ತಿರಲಿಲ್ಲ. ಟಾಸ್ಕ್ ಮ್ಯಾನೇಜರ್ ತೆರೆದರೆ ಅದಕ್ಕೇ ವೈರಸ್ ತಗುಲಿದೆ ಎನ್ನುತ್ತಿತ್ತು. ಸಹಾಯ ಮಾಡಲು ಹೊರಟ ಸ್ವಯಂಸೇವಕರು ಆರ್‌ಕಿಲ್ ಎಂಬ ಪುಟ್ಟ ಉಪಕರಣವನ್ನು ಇಂಟರ್‌ನೆಟ್ ಎಕ್ಸ್‌ಪ್ಲೋರರ್‌ನ ಹೆಸರಿಟ್ಟು ಹಂಚಿದರು, ಬ್ರೌಸರ್ ಎಂದುಕೊಂಡಾದರೂ ಅದು ದಾರಿ ಬಿಡಲಿ ಎಂದು. ಮೈಕ್ರೋಸಾಫ್ಟ್ 2008ರ ನವೆಂಬರಿನಲ್ಲಿ ತನ್ನ ತಿಂಗಳ ಅಪ್‌ಡೇಟಿನೊಡನೆ ಕಳಿಸಿದ ಸಾಧನವು ಒಂದೇ ಕುಟುಂಬದ ಹುಸಿ ಆಂಟಿವೈರಸನ್ನು ಕೆಲವೇ ದಿನಗಳಲ್ಲಿ ಸುಮಾರು ಹತ್ತು ಲಕ್ಷ ಕಂಪ್ಯೂಟರುಗಳಿಂದ ಕಿತ್ತುಹಾಕಿತು.

ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಬಿಡಿಭಾಗ ಜೋಡಿಸಿ ತಂದ ಮನೆಯ ಕಂಪ್ಯೂಟರುಗಳಿಗೆ ಆ ಭಾಗ್ಯ ಅಷ್ಟಾಗಿ ಇರಲಿಲ್ಲ. ಎಷ್ಟೋ ಕಡೆ ಎಕ್ಸ್‌ಪಿ ನಕಲಿ ಪ್ರತಿ, ಅಪ್‌ಡೇಟ್ ಆಫ್ ಮಾಡಿಯೇ ಕೊಟ್ಟಿರುತ್ತಿದ್ದರು. ನಮ್ಮಲ್ಲಿ ಪಿಡುಗು ಹೆಚ್ಚಾಗಿ ಬರುತ್ತಿದ್ದುದು ಪೆನ್‌ಡ್ರೈವಿನಲ್ಲಿ: ಸೈಬರ್ ಕೆಫೆಯಲ್ಲಿ ಪ್ರಿಂಟ್ ತೆಗೆಸಿ ವಾಪಸ್ ಬರುವಾಗ ಜೊತೆಗೇ ‘ನ್ಯೂ ಫೋಲ್ಡರ್’ ಹೆಸರಿನ, ಫೋಲ್ಡರಿನದೇ ಐಕಾನ್ ಹೊತ್ತ ಪ್ರೋಗ್ರಾಮ್. 2007ರಲ್ಲಿ ಹಬ್ಬಿದ ಒಂದು ಪೆನ್‌ಡ್ರೈವ್ ಹುಳು ಆರ್ಕುಟ್ ಎಂಬ ಆಗಿನ ಸಾಮಾಜಿಕ ಜಾಲತಾಣ ತೆರೆದ ಕೂಡಲೇ ಅದನ್ನು ನಿಷೇಧಿಸಲಾಗಿದೆ ಎಂಬ ಡಬ್ಬಿ ತೋರಿಸಿ ಮುಚ್ಚಿಬಿಡುತ್ತಿತ್ತು. ಕಾಲೇಜು ಲ್ಯಾಬಿನಲ್ಲಿ ಅದನ್ನು ಕಂಡವರು ಕಾಲೇಜಿನವರೇ ಹಾಗೆ ಮಾಡಿದ್ದಾರೆ ಎಂದುಕೊಳ್ಳುವುದು ಸಹಜವಾಗಿತ್ತು.

ಇವೆಲ್ಲಕ್ಕೂ ನಮ್ಮ ಊರುಗಳಲ್ಲಿ ಇದ್ದದ್ದು ಒಂದೇ ಮದ್ದು: ಫಾರ್ಮ್ಯಾಟ್. ಪಕ್ಕದ ಬೀದಿಯ ಹುಡುಗ ಸಿಡಿ ಹಿಡಿದು ಬಂದು, ಸಿ ಡ್ರೈವ್ ಪೂರ್ತಿ ಅಳಿಸಿ, ವಿಂಡೋಸ್ ಮತ್ತೆ ಹಾಕಿ, ಜೊತೆಗೆ ಕನ್ನಡ ಟೈಪ್ ಮಾಡಲು ‘ಬರಹ’ವನ್ನೋ ‘ನುಡಿ’ಯನ್ನೋ ಹಾಕಿಕೊಟ್ಟು ಹೋಗುತ್ತಿದ್ದ. ಕಂಪ್ಯೂಟರ್ ಹೊಸದರಂತೆ ಓಡುತ್ತಿತ್ತು. ‘ಮೈ ಡಾಕ್ಯುಮೆಂಟ್ಸ್’ನಲ್ಲಿ ಇಟ್ಟುಕೊಂಡಿದ್ದ ಫೋಟೋಗಳು, ಬರಹದಲ್ಲಿ ಟೈಪ್ ಮಾಡಿದ್ದ ಕಾಗದಗಳು ಸಿ ಡ್ರೈವಿನ ಜೊತೆಗೇ ಹೋಗಿರುತ್ತಿದ್ದವು. ಹಾನಿಯೇ ಮಾಡದ ಒಂದು ಚಿತ್ರಕ್ಕೆ ಹೆದರಿ ಹೀಗೆ ಅಳಿಸಿಸಿಕೊಂಡ ಮನೆಗಳನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಆ ನಷ್ಟ ಯಾವ ಮೊಕದ್ದಮೆಯ ಲೆಕ್ಕಕ್ಕೂ ಸೇರಿಲ್ಲ.

ಕಸುಬಿನ ಒಳಗುಟ್ಟು 2011ರಲ್ಲಿ ಇನ್ನಷ್ಟು ತಿಳಿಯಿತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾಂಟಾ ಬಾರ್ಬರಾ ಶಾಖೆಯ ಸಂಶೋಧಕರಿಗೆ ಮೂರು ಹುಸಿ ಆಂಟಿವೈರಸ್ ತಂಡಗಳ ಸರ್ವರುಗಳಲ್ಲಿದ್ದ ದಾಖಲೆ ಸಿಕ್ಕಿತು. ಮೂರೂ ಸೇರಿ ಗಳಿಸಿದ್ದು 13 ಕೋಟಿ ಡಾಲರಿಗೂ ಹೆಚ್ಚು. ನೂರರಲ್ಲಿ ಸುಮಾರು ಇಬ್ಬರು ಹಣ ಕೊಟ್ಟರೂ ಅವರಿಗೆ ಸಾಕಿತ್ತು. ತುಂಬ ಗಲಾಟೆ ಮಾಡಿದವರಿಗೆ ಹಣ ವಾಪಸ್ಸೂ ಕೊಡುತ್ತಿದ್ದರು. ಅದು ಕರುಣೆಯಿಂದಲ್ಲ: ಕಾರ್ಡ್ ಕಂಪನಿಗೆ ದೂರು ಹೆಚ್ಚಿದರೆ ಹಣ ಬರುವ ಕಾಲುವೆಯೇ ಮುಚ್ಚಿಹೋಗುತ್ತಿತ್ತು. ಆ ವರ್ಷ ಆದದ್ದೂ ಹಾಗೆಯೇ. ಪೊಲೀಸ್ ದಾಳಿಗಳ ಜೊತೆಗೆ, ಅವರ ಪರವಾಗಿ ಕಾರ್ಡ್ ಪಾವತಿ ಪಡೆಯುತ್ತಿದ್ದ ಸಂಸ್ಥೆಗಳ ಮೇಲೆ ಒತ್ತಡ ಬಿದ್ದಾಗ ವ್ಯಾಪಾರ ಕುಗ್ಗಿತು. 2009ರಲ್ಲಿ ಮೈಕ್ರೋಸಾಫ್ಟ್ ಉಚಿತ ಆಂಟಿವೈರಸ್ ಕೊಟ್ಟದ್ದು, 2012ರ ವಿಂಡೋಸ್ 8ರಲ್ಲಿ ಅದನ್ನು ಒಳಗೇ ಸೇರಿಸಿದ್ದು ಉಳಿದ ಕೆಲಸ ಮಾಡಿತು.

ಆದರೆ ಹೆದರಿಕೆ ಅಲ್ಲೇ ಇತ್ತು. ಅದನ್ನು ಕೊಯ್ಯಲು ಈಗ ಬಂದದ್ದು ಮನುಷ್ಯರ ದನಿ. ‘ನಾವು ಮೈಕ್ರೋಸಾಫ್ಟ್‌ನಿಂದ ಮಾತಾಡುತ್ತಿದ್ದೇವೆ’ ಎಂಬ ಕರೆಗಳು ಇಂಗ್ಲಿಷ್ ಆಡುವ ದೇಶಗಳ ಮನೆಗಳಿಗೆ ಬರತೊಡಗಿದವು, ಬಹುಪಾಲು ನಮ್ಮ ದೇಶದ ಕಾಲ್ ಸೆಂಟರುಗಳಿಂದಲೇ. ಕರೆ ಮಾಡಿದವರು ‘ಈವೆಂಟ್ ವ್ಯೂವರ್’ ತೆರೆಯಿರಿ ಎನ್ನುತ್ತಿದ್ದರು. ಅದು ವಿಂಡೋಸ್‌ನ ದಿನಚರಿ ಪುಸ್ತಕ. ಒಂದು ಸಲ ಪ್ರಿಂಟರ್ ಸಿಗದಿದ್ದರೂ, ಗಡಿಯಾರ ಸರಿಹೊಂದದಿದ್ದರೂ ಅದರಲ್ಲಿ ಕೆಂಪು ಗುರುತು ಬೀಳುತ್ತದೆ, ಆರೋಗ್ಯವಾಗಿರುವ ಕಂಪ್ಯೂಟರಿನಲ್ಲೂ ನೂರಾರು ಇರುತ್ತವೆ. ಆ ಕೆಂಪು ಗುರುತುಗಳನ್ನೇ ರೋಗದ ಸಾಕ್ಷಿಯೆಂದು ತೋರಿಸುತ್ತಿದ್ದರು. ಹಿಂದಿನವರು ತಪಾಸಣೆಯ ಚಿತ್ರ ಬರೆಯಬೇಕಿತ್ತು. ಇವರಿಗೆ ಆ ಶ್ರಮವೂ ಬೇಕಿರಲಿಲ್ಲ. 2012ರ ಅಕ್ಟೋಬರಿನಲ್ಲಿ ಟ್ರೇಡ್ ಕಮಿಷನ್ ಇಂಥ ಆರು ತಂಡಗಳ ಮೇಲೆ ಒಟ್ಟಿಗೆ ಕ್ರಮ ಕೈಗೊಂಡಿತು. ಒಬ್ಬೊಬ್ಬರಿಂದ ಅವು ವಸೂಲಿ ಮಾಡಿದ್ದು 49ರಿಂದ 450 ಡಾಲರ್. 2018ರಲ್ಲಿ ದೆಹಲಿ ಸುತ್ತಲಿನ ಗುರುಗ್ರಾಮ, ನೊಯಿಡಾಗಳಲ್ಲಿ ಮೈಕ್ರೋಸಾಫ್ಟ್ ದೂರಿನ ಮೇಲೆ ಪೊಲೀಸರು ಹದಿನಾರು ಕಾಲ್ ಸೆಂಟರುಗಳ ಮೇಲೆ ದಾಳಿ ಮಾಡಿದರು. 2023ರ ಅಕ್ಟೋಬರಿನಲ್ಲಿ ಸೈಬರ್ ವಂಚನೆಯ ವಿರುದ್ಧದ ‘ಆಪರೇಷನ್ ಚಕ್ರ’ ಕಾರ್ಯಾಚರಣೆಯ ಎರಡನೆಯ ಸುತ್ತಿನಲ್ಲಿ ಸಿಬಿಐ ದೇಶದ 76 ಕಡೆ ಶೋಧ ನಡೆಸಿತು.

ಅಂಗಡಿ ಬೀದಿಯೂ ಇದರಿಂದ ಹೊರತಾಗಿರಲಿಲ್ಲ. ಆಫೀಸ್ ಡಿಪೋ ಎಂಬ ಅಮೆರಿಕದ ದೊಡ್ಡ ಅಂಗಡಿ ಸರಣಿಯಲ್ಲಿ ಉಚಿತವಾಗಿ ಕಂಪ್ಯೂಟರ್ ಪರೀಕ್ಷಿಸುತ್ತಿದ್ದರು. ಶುರುವಿನಲ್ಲಿ ನಾಲ್ಕು ಪ್ರಶ್ನೆ: ಕಂಪ್ಯೂಟರ್ ನಿಧಾನವೇ, ವೈರಸ್ ಎಚ್ಚರಿಕೆ ಬಂದಿತ್ತೇ, ಹೀಗೆ. ಒಂದಕ್ಕೆ ಹೌದು ಎಂದು ಗುರುತು ಹಾಕಿದರೂ ಕೊನೆಯಲ್ಲಿ ಮಾಲ್‌ವೇರ್ ಲಕ್ಷಣ ಕಂಡಿದೆ ಎಂಬ ಫಲಿತಾಂಶ ಬರುತ್ತಿತ್ತು. ನಡುವೆ ಓಡಿದ ತಪಾಸಣೆಗೂ ಅದಕ್ಕೂ ಸಂಬಂಧವೇ ಇರಲಿಲ್ಲ ಎಂದು ಟ್ರೇಡ್ ಕಮಿಷನ್ ಹೇಳಿತು. 2019ರಲ್ಲಿ ಆ ಅಂಗಡಿಯೂ ಅದಕ್ಕೆ ಸಾಫ್ಟ್‌ವೇರ್ ಕೊಟ್ಟ ಕಂಪನಿಯೂ ಸೇರಿ ಮೂರೂವರೆ ಕೋಟಿ ಡಾಲರ್ ಕಟ್ಟಲು ಒಪ್ಪಿದವು.

ಈಗಿನ ರೂಪ ಇನ್ನೂ ಸರಳ. ‘ರೋಬೋಟ್ ಅಲ್ಲ ಎಂದು ತೋರಿಸಲು ಅಲೋ ಒತ್ತಿ’ ಎಂದು ಹೇಳಿ, ನೋಟಿಫಿಕೇಶನ್ ಕಳಿಸುವ ಅನುಮತಿ ಪಡೆದು, ಆಮೇಲೆ ಮೂಲೆಯಲ್ಲಿ ದಿನವಿಡೀ ವೈರಸ್ ಎಚ್ಚರಿಕೆ ತೋರಿಸುವುದು ಒಂದು. ಬ್ರೌಸರಿನ ಸೆಟ್ಟಿಂಗ್ಸಿನಲ್ಲಿ ಆ ಸೈಟಿನ ಅನುಮತಿ ತೆಗೆದರೆ ಅದು ನಿಲ್ಲುತ್ತದೆ, ಫಾರ್ಮ್ಯಾಟ್ ಬೇಕಿಲ್ಲ. ಪರದೆ ಪೂರ್ತಿ ಆವರಿಸಿ, ಸೈರನ್ ಕೂಗಿ, ಈ ನಂಬರಿಗೆ ಕರೆ ಮಾಡಿ ಎನ್ನುವುದು ಇನ್ನೊಂದು. ಮೈಕ್ರೋಸಾಫ್ಟ್‌ನ ನಿಜವಾದ ಎಚ್ಚರಿಕೆಯಲ್ಲಿ ಫೋನ್ ನಂಬರ್ ಇರುವುದೇ ಇಲ್ಲ. ಎಸ್ಕೇಪ್ ಕೀಲಿಯನ್ನು ಒತ್ತಿ ಹಿಡಿದರೆ ಬಹುತೇಕ ಪೂರ್ಣಪರದೆ ಬಿಟ್ಟುಹೋಗುತ್ತದೆ. ಇಲ್ಲದಿದ್ದರೆ ಟಾಸ್ಕ್ ಮ್ಯಾನೇಜರಿನಿಂದ ಬ್ರೌಸರ್ ಮುಚ್ಚಿ, ಮತ್ತೆ ತೆರೆದಾಗ ಹಳೆಯ ಪುಟ ಬೇಡವೆಂದರೆ ಸಾಕು. ಹಣ ಕೊಟ್ಟುಬಿಟ್ಟಿದ್ದರೆ ನಾಚಿಕೆಪಡದೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ದೂರು ಕೊಡಲು ಹಿಂಜರಿಯುವವರ ಮೌನದಿಂದಲೇ ಈ ಕಸುಬು ಇಷ್ಟು ಕಾಲ ಬದುಕಿದೆ.

2025ರ ಜನವರಿಯಲ್ಲಿ ಮೈಕ್ರೋಸಾಫ್ಟ್ ತನ್ನ ಎಡ್ಜ್ ಬ್ರೌಸರಿನಲ್ಲಿ ಇದಕ್ಕೆಂದೇ ಒಂದು ತಡೆಗೋಡೆಯನ್ನು ಪ್ರಯೋಗಕ್ಕೆ ಬಿಟ್ಟಿತು. ಪುಟವೊಂದು ಪೂರ್ಣಪರದೆ ಆವರಿಸಿದರೆ, ಕಂಪ್ಯೂಟರಿನಲ್ಲೇ ಇರುವ ಕಲಿಕಾ ಮಾದರಿ ಆ ದೃಶ್ಯವನ್ನು ಹಳೆಯ ಮೋಸಗಳೊಂದಿಗೆ ಹೋಲಿಸಿ ನೋಡುತ್ತದೆ. ಅನುಮಾನ ಬಂದರೆ ಪೂರ್ಣಪರದೆಯಿಂದ ಹೊರಬಂದು, ಸೈರನ್ ನಿಲ್ಲಿಸಿ, ಇದು ಮೋಸ ಇರಬಹುದು ಎಂದು ತಿಳಿಸುತ್ತದೆ. ಪಕ್ಕದಲ್ಲಿ ಆ ಪುಟದ್ದೇ ಒಂದು ಪುಟ್ಟ ಚಿತ್ರ ಕಾಣುತ್ತದೆ, ಅಂಚೆಚೀಟಿಯ ಹಾಗೆ.