ಸರ್ಕಾರಿ ಕಡತಕ್ಕೆ ಏರಿದ ಬೈಗುಳ

1954ರ ಜೂನ್ ತಿಂಗಳಲ್ಲಿ ಅಮೆರಿಕದ ವಲಸೆ ಇಲಾಖೆ, ಮೆಕ್ಸಿಕೋದಿಂದ ಕಾಗದಪತ್ರವಿಲ್ಲದೆ ಬಂದ ಕೂಲಿಕಾರರನ್ನು ಹಿಡಿದು ಗಡಿಯಾಚೆ ಸಾಗಿಸಲು ದೊಡ್ಡ ಕಾರ್ಯಾಚರಣೆಯನ್ನೇ ಶುರುಮಾಡಿತು. ಆಗ ಅಧ್ಯಕ್ಷರಾಗಿದ್ದವರು ಐಸೆನ್‌ಹೋವರ್. ಇಲಾಖೆಯ ಮುಖ್ಯಸ್ಥರು ಸೇನೆಯಿಂದ ನಿವೃತ್ತರಾಗಿ ಬಂದ ಜನರಲ್ ಜೋಸೆಫ್ ಸ್ವಿಂಗ್. ಕಾರ್ಯಾಚರಣೆಗೆ ಇಟ್ಟ ಹೆಸರು ‘ಆಪರೇಷನ್ ವೆಟ್‌ಬ್ಯಾಕ್’. ರಿಯೊ ಗ್ರಾಂಡೆ ನದಿ ಈಜಿ ಬಂದು ಬೆನ್ನು ಒದ್ದೆ ಮಾಡಿಕೊಂಡವರು ಎಂದು ಮೆಕ್ಸಿಕನ್ನರನ್ನು ಹೀಗಳೆಯುವ ಮಾತು ಅದು. ಬೀದಿಯಲ್ಲಿ ಬಯ್ಯಲು ಬಳಸುತ್ತಿದ್ದ ಪದವನ್ನು ಒಂದು ದೇಶದ ಸರ್ಕಾರ ತನ್ನ ಕಡತದ ಮೇಲೆ ಬರೆದುಕೊಂಡಿತು.

ಈ ಪದದ ಬಗ್ಗೆ ವಿಶ್ವಕೋಶದಲ್ಲಿ ಒಂದು ನಮೂದು ಬರೆಯಬೇಕಾಗಿ ಬಂದರೆ ಹೇಗೆ ಬರೆಯಬೇಕು? ಸುಲಭದ ದಾರಿಗಳು ಎರಡಿವೆ. ಪದವೇ ಕೆಟ್ಟದ್ದು, ನಮೂದೇ ಬೇಡ ಎಂದು ಕೈಬಿಡುವುದು ಒಂದು. ‘ಮೆಕ್ಸಿಕನ್ನರನ್ನು ಕುರಿತ ನಿಂದನಾಪದ’ ಎಂದು ಒಂದು ಸಾಲು ಗೀಚಿ ಮುಂದಿನ ಪದಕ್ಕೆ ಹೋಗುವುದು ಇನ್ನೊಂದು. ಎರಡರಿಂದಲೂ ಓದುಗನಿಗೆ ಅನ್ಯಾಯವಾಗುತ್ತದೆ ಎಂದು ನಾನು ನಂಬುತ್ತೇನೆ. ಒಂದು ಸಾಲಿನ ನಮೂದು ಓದಿದವನು, ಯಾರೋ ಕೆಲವು ಒರಟರು ಕುಡಿದ ಅಮಲಿನಲ್ಲಿ ಆಡಿದ ಮಾತಿರಬೇಕು ಎಂದುಕೊಳ್ಳುತ್ತಾನೆ. ಆದರೆ ಈ ಮಾತನ್ನು ಸಾಕಿ ಬೆಳೆಸಿದವರು ಹತ್ತಿ ಹೊಲದ ಮಾಲೀಕರು, ಪತ್ರಿಕೆಗಳ ಸಂಪಾದಕರು, ವಲಸೆ ಇಲಾಖೆಯ ಅಧಿಕಾರಿಗಳು. ಅವರ ಸುದ್ದಿಯೇ ಇಲ್ಲದ ನಮೂದಿನಲ್ಲಿ ಉಳಿಯುವುದೇನು?

ಮೊದಲು ನೆಲದ ಲೆಕ್ಕ ನೋಡೋಣ. ಎರಡು ದೇಶಗಳ ನಡುವಿನ ಗಡಿ ಸುಮಾರು 3,100 ಕಿಲೋಮೀಟರ್. ಅದರಲ್ಲಿ ಟೆಕ್ಸಾಸ್ ಭಾಗದ ಸುಮಾರು 2,000 ಕಿಲೋಮೀಟರ್ ಮಾತ್ರ ನದಿ. ಎಲ್ ಪಾಸೊದಿಂದ ಪಶ್ಚಿಮಕ್ಕೆ ಪೆಸಿಫಿಕ್ ಸಾಗರದವರೆಗೆ ಬಹುಪಾಲು ಮರಳುಗಾಡು, ಗುಡ್ಡ, ಒಣ ನೆಲ. ಅರಿಜೋನಾದ ಬಿಸಿಲಲ್ಲಿ ನಡೆದು ಬಂದವನನ್ನೂ ಒದ್ದೆ ಬೆನ್ನಿನವನು ಎಂದೇ ಕರೆದರು. ಎರಡು ಮೂರು ತಲೆಮಾರಿನಿಂದ ಅಲ್ಲೇ ಹುಟ್ಟಿ ಬೆಳೆದ ಪ್ರಜೆಗಳನ್ನೂ ಹಾಗೇ ಕರೆದರು. ಹೇಗೆ ಬಂದರು ಎಂಬುದನ್ನು ಹೇಳಲು ಹುಟ್ಟಿದ ಪದ ಹೀಗೆ ಮೈಬಣ್ಣಕ್ಕೆ ಅಂಟಿಕೊಂಡಿತು.

ಕಥೆಯ ತಿರುಳು ಇರುವುದು ಕೂಲಿಯಲ್ಲಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಹೊಲಗಳಿಗೆ ಆಳು ಸಿಗದಾದಾಗ, 1942ರಲ್ಲಿ ಅಮೆರಿಕ ಮತ್ತು ಮೆಕ್ಸಿಕೋ ಒಪ್ಪಂದ ಮಾಡಿಕೊಂಡು ‘ಬ್ರಸೇರೊ’ ಯೋಜನೆ ತಂದವು. ಗುತ್ತಿಗೆ, ಕನಿಷ್ಠ ಕೂಲಿ, ವಸತಿ ಎಲ್ಲ ಕಾಗದದ ಮೇಲಿತ್ತು. 1964ರವರೆಗೆ ಸುಮಾರು 46 ಲಕ್ಷ ಗುತ್ತಿಗೆಗಳಾದವು. ಟೆಕ್ಸಾಸಿನಲ್ಲಿ ಮೆಕ್ಸಿಕನ್ನರನ್ನು ಕೀಳಾಗಿ ನಡೆಸಿಕೊಳ್ಳುತ್ತಾರೆಂದು ಮೆಕ್ಸಿಕೋ ಸರ್ಕಾರ ಮೊದಲ ಕೆಲವು ವರ್ಷ ಆ ರಾಜ್ಯಕ್ಕೆ ಆಳುಗಳನ್ನು ಕಳಿಸಲು ಒಪ್ಪಲೇ ಇಲ್ಲ. ಅಲ್ಲಿನ ಮಾಲೀಕರು ಸುಮ್ಮನಿರಲಿಲ್ಲ. ಗುತ್ತಿಗೆಯಿಲ್ಲದೆ ನದಿ ದಾಟಿ ಬಂದವರನ್ನು ಇನ್ನೂ ಅಗ್ಗದ ಕೂಲಿಗೆ ಇಟ್ಟುಕೊಂಡರು.

1940ರ ದಶಕದ ಕೊನೆಯಲ್ಲಿ ವಲಸೆ ಇಲಾಖೆಯಲ್ಲಿ ಇನ್ನೊಂದು ಮಾತು ಚಾಲ್ತಿಗೆ ಬಂತು: ‘ಡ್ರೈಯಿಂಗ್ ಔಟ್’. ಒದ್ದೆಯಾದವರನ್ನು ಒಣಗಿಸುವುದು. ಹೊಲದಲ್ಲಿ ಸಿಕ್ಕಿಬಿದ್ದವನನ್ನು ಗಡಿಗೆ ಕರೆದೊಯ್ದು, ಆಚೆ ಕಾಲಿಡಿಸಿ, ಕೈಗೊಂದು ಗುತ್ತಿಗೆಯ ಕಾಗದ ಕೊಟ್ಟು, ಮತ್ತೆ ಅದೇ ಮಾಲೀಕನ ಹೊಲಕ್ಕೆ ಕಳಿಸುತ್ತಿದ್ದರು. ಅದೇ ಮನುಷ್ಯ, ಅದೇ ಹತ್ತಿ ಚೀಲ. ಬೆಳಗ್ಗೆ ಅಪರಾಧಿ, ಸಂಜೆಗೆ ಕಾನೂನುಬದ್ಧ ಕೂಲಿ. ಬಟ್ಟೆಗೆ ಆಡುವ ಮಾತನ್ನು ಮನುಷ್ಯರ ಮೇಲೆ ಇಷ್ಟು ಸಲೀಸಾಗಿ ಆಡಿದರಲ್ಲ ಎಂದು ಓದುವಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

1952ರಲ್ಲಿ ಸಂಸತ್ತು, ಕಾಗದಪತ್ರವಿಲ್ಲದವರಿಗೆ ಆಶ್ರಯ ಕೊಡುವುದನ್ನು ಅಪರಾಧವೆಂದು ಸಾರಿತು. ಅದೇ ಉಸಿರಿನಲ್ಲಿ, ಅವರನ್ನು ಕೆಲಸಕ್ಕಿಟ್ಟುಕೊಳ್ಳುವುದು ಆಶ್ರಯ ಕೊಟ್ಟಂತಲ್ಲ ಎಂಬ ವಿನಾಯಿತಿಯನ್ನೂ ಸೇರಿಸಿತು. ಅದಕ್ಕೆ ‘ಟೆಕ್ಸಾಸ್ ಪ್ರೊವೈಸೊ’ ಎಂದೇ ಹೆಸರು ಬಿತ್ತು. ನದಿ ದಾಟಿದವನ ಬೆನ್ನಿಗೊಂದು ಹೀನ ಹೆಸರು ಅಂಟಿಸಿದ ಸಮಾಜ, ಅವನ ಬೆವರಿನಿಂದ ಲಾಭ ಮಾಡಿಕೊಂಡವನಿಗೆ ಅಂಥ ಒಂದು ಹೆಸರನ್ನೂ ಹುಟ್ಟಿಸಲಿಲ್ಲ. ನಮೂದು ಬರೆಯುವವರು ಒಂದೇ ಒಂದು ಸಂಗತಿ ಹೇಳುವುದಕ್ಕೆ ಜಾಗವಿದ್ದರೆ ಇದನ್ನು ಹೇಳಬೇಕು.

‘ವೆಟ್‌ಬ್ಯಾಕ್’ ಪದಕ್ಕೆ ಒಬ್ಬ ಅಣ್ಣನಿದ್ದಾನೆ: ಮೆಕ್ಸಿಕನ್ನರನ್ನೇ ಹೀಗಳೆಯುವ ‘ಗ್ರೀಸರ್’. ಕ್ಯಾಲಿಫೋರ್ನಿಯಾ 1855ರಲ್ಲಿ ಅಲೆಮಾರಿತನ ತಡೆಯಲು ಮಾಡಿದ ಕಾಯ್ದೆಯ ಪಠ್ಯದಲ್ಲೇ ಅದು ಅಚ್ಚಾಗಿತ್ತು. ಮರುವರ್ಷ ತಿದ್ದುಪಡಿ ತಂದು ಪದವನ್ನು ತೆಗೆದರೂ ಕಾಯ್ದೆ ಉಳಿಯಿತು. ಮೂಕಿಚಿತ್ರಗಳ ಕಾಲದಲ್ಲಿ ಅದೇ ಪದ ಸಿನಿಮಾಗಳ ಹೆಸರಲ್ಲೇ ಮೆರೆಯಿತು, 1908ರಲ್ಲಿ ಡಿ.ಡಬ್ಲ್ಯು. ಗ್ರಿಫಿತ್ ತೆಗೆದ ‘ದಿ ಗ್ರೀಸರ್ಸ್ ಗಾಂಟ್ಲೆಟ್’ ಅಂಥದ್ದೊಂದು. ತನ್ನ ಜನರನ್ನು ಅವಮಾನಿಸುವ ಚಿತ್ರಗಳ ವಿರುದ್ಧ 1922ರಲ್ಲಿ ಮೆಕ್ಸಿಕೋ ನಿಷೇಧದ ಅಸ್ತ್ರ ಎತ್ತಬೇಕಾಯಿತು.

ಮತ್ತೆ 1954ಕ್ಕೆ ಬರುತ್ತೇನೆ, ಏಕೆಂದರೆ ಕೋಶಗಳು ಎಡವುವುದು ಇಲ್ಲೇ. ಕಾರ್ಯಾಚರಣೆಯಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನರನ್ನು ಹೊರಹಾಕಲಾಯಿತು ಎಂದು ಅನೇಕ ಕಡೆ ಓದುತ್ತೇವೆ. ಗಡಿ ಪಹರೆಯ ಚರಿತ್ರೆ ಬರೆದ ಕೆಲ್ಲಿ ಲೈಟಲ್ ಹೆರ್ನಾಂಡೆಜ್ ಈ ಅಂಕಿಯನ್ನು ಬಿಡಿಸಿ ತೋರಿಸಿದ್ದಾರೆ. ಆ ಸುಮಾರು 11 ಲಕ್ಷ ಬಂಧನಗಳು 1954ರ ಹಣಕಾಸು ವರ್ಷದ್ದು. ಆ ವರ್ಷ ಮುಗಿದದ್ದು ಜೂನ್ 30ಕ್ಕೆ. ಕಾರ್ಯಾಚರಣೆ ಶುರುವಾದದ್ದು ಜೂನ್ ಮಧ್ಯದಲ್ಲಿ. ಅಂದರೆ ಬಹುಪಾಲು ಬಂಧನಗಳು ಅದಕ್ಕೂ ಮೊದಲೇ ಆಗಿಹೋಗಿದ್ದವು. ಮುಂದಿನ ಹಣಕಾಸು ವರ್ಷದ ಬಂಧನಗಳು ಸುಮಾರು ಎರಡೂವರೆ ಲಕ್ಷ. ಇಲಾಖೆ ಬೆನ್ನು ತಟ್ಟಿಕೊಳ್ಳಲು ಹೇಳಿದ ಸಂಖ್ಯೆಯನ್ನು ಹಾಗೇ ನಕಲು ಮಾಡಿದರೆ ಏನಾಗುತ್ತದೆ? 2015ರ ನವೆಂಬರ್‌ನಲ್ಲಿ ಅಧ್ಯಕ್ಷ ಚುನಾವಣೆಯ ಚರ್ಚೆಯೊಂದರಲ್ಲಿ ಡೊನಾಲ್ಡ್ ಟ್ರಂಪ್, ಐಸೆನ್‌ಹೋವರ್ ಹದಿನೈದು ಲಕ್ಷ ಜನರನ್ನು ಹೊರಗೆ ಕಳಿಸಿದರೆಂದು ಮೆಚ್ಚುಗೆಯಿಂದ ಹೇಳಿದರು. ಕಾರ್ಯಾಚರಣೆಯ ಹೆಸರನ್ನು ಮಾತ್ರ ಎತ್ತಲಿಲ್ಲ.

ಹಿಡಿದವರನ್ನು ಬಸ್ಸು, ರೈಲುಗಳಲ್ಲಿ ತುಂಬಿದ್ದಲ್ಲದೆ ಟೆಕ್ಸಾಸಿನ ಪೋರ್ಟ್ ಇಸಬೆಲ್‌ನಿಂದ ವೆರಾಕ್ರೂಸ್‌ಗೆ ಹಡಗಿನಲ್ಲೂ ಕಳಿಸಿದರು. 1956ರಲ್ಲಿ ‘ಮರ್ಕ್ಯುರಿಯೊ’ ಎಂಬ ಹಡಗಿನಿಂದ ನೀರಿಗೆ ಹಾರಿದ ಕೆಲವರು ಮುಳುಗಿ ಸತ್ತ ಮೇಲೆ ಹಡಗಿನ ಸಾಗಣೆ ನಿಂತಿತು. ನಮೂದಿನ ವಾಕ್ಯರಚನೆಗೆ ಬೆಲೆ ಬರುವುದು ಇಂಥಲ್ಲಿ. ‘ವೆಟ್‌ಬ್ಯಾಕ್‌ಗಳನ್ನು ಗಡೀಪಾರು ಮಾಡಲಾಯಿತು’ ಎಂದು ಬರೆದರೆ ಕೋಶವೇ ತನ್ನ ಬಾಯಿಂದ ಬೈದಂತೆ. ಬೈದವನು ಕರ್ಮಣಿ ಪ್ರಯೋಗದ ಹಿಂದೆ ಅಡಗಿ ಕೂರುತ್ತಾನೆ. ‘ವಲಸೆ ಇಲಾಖೆ ಮೆಕ್ಸಿಕನ್ ಕೂಲಿಕಾರರನ್ನೂ, ಅವರ ಜೊತೆಗೆ ಅಮೆರಿಕದ ಕೆಲವು ಪ್ರಜೆಗಳನ್ನೂ ಗಡೀಪಾರು ಮಾಡಿತು, ಆ ಕಾರ್ಯಾಚರಣೆಗೆ ಈ ಹೆಸರಿಟ್ಟಿತು’ ಎಂದರೆ ಕರ್ತೃ ಬೆಳಕಿಗೆ ಬರುತ್ತಾನೆ. ಪದವನ್ನು ಚುಕ್ಕಿ ಹಾಕಿ ಮುಚ್ಚುವುದು ಬೇಡ. ಪೂರ್ತಿಯಾಗಿ, ಆದರೆ ಯಾರ ಬಾಯಿಂದ ಬಂತು ಎಂಬ ಗುರುತಿನೊಂದಿಗೆ ಅಚ್ಚು ಹಾಕಬೇಕು. ನಿಂದನೆಯ ಮಾತೆಂಬ ಎಚ್ಚರಿಕೆ ಅರ್ಥಕ್ಕಿಂತ ಮೊದಲೇ ಬರಬೇಕು.

ಬರೆಯಲು ಎಲ್ಲಕ್ಕಿಂತ ಕಷ್ಟವಾದ ಭಾಗ ಇನ್ನೂ ಇದೆ. ಈ ಪದ ಮೆಕ್ಸಿಕನ್ ಮೂಲದವರ ಬಾಯಲ್ಲೂ ಬಂದಿದೆ. ಎರಡನೆಯ ಮಹಾಯುದ್ಧದಲ್ಲಿ ಹೋರಾಡಿ ಬಂದ ಮೆಕ್ಸಿಕನ್ ಮೂಲದ ಸೈನಿಕರಿಗಾಗಿ 1948ರಲ್ಲಿ ಹೆಕ್ಟರ್ ಗಾರ್ಸಿಯಾ ಕಟ್ಟಿದ ‘ಅಮೆರಿಕನ್ ಜಿ.ಐ. ಫೋರಂ’, ಕಾರ್ಮಿಕ ಸಂಘದ ಜೊತೆಗೂಡಿ ಹೊರತಂದ ಕಿರುಹೊತ್ತಿಗೆಯ ಹೆಸರಲ್ಲೇ ಅದು ಇತ್ತು. ಹೊಲಕೂಲಿಗಳ ನಾಯಕ ಸೀಸರ್ ಚಾವೆಜ್ 1972ರ ಟಿ.ವಿ. ಸಂದರ್ಶನವೊಂದರಲ್ಲಿ, ಮುಷ್ಕರ ಮುರಿಯಲು ಮಾಲೀಕರು ಕರೆತರುತ್ತಿದ್ದವರನ್ನು ಹಾಗೇ ಕರೆದರು. ಇದನ್ನು ಮುಚ್ಚಿಡಬಾರದು. ಬಡ ಕೂಲಿಯೊಬ್ಬನನ್ನು ಇನ್ನೊಬ್ಬ ಬಡ ಕೂಲಿಯ ಎದುರು ನಿಲ್ಲಿಸಿ ಎಳೆದಾಡಿಸಿದ ವ್ಯವಸ್ಥೆಯ ಬಲ ಇಲ್ಲಿ ಎದ್ದು ಕಾಣುತ್ತದೆ. ಚಾವೆಜ್ ಅವರ ಮೇಲಿನ ಗೌರವಕ್ಕಾಗಿ ಈ ಸಾಲು ಬಿಟ್ಟರೂ ತಪ್ಪು, ‘ನೋಡಿ, ಅವರೇ ಹೇಳಿದ್ದಾರೆ’ ಎಂದು ಬೈಗುಳಕ್ಕೆ ಮಾಫಿ ಪತ್ರದಂತೆ ಬಳಸಿದರೂ ತಪ್ಪು.

ಸ್ಪ್ಯಾನಿಷ್‌ನ ‘ಮೊಹಾದೊ’ಗೆ, ಅಂದರೆ ‘ಒದ್ದೆಯಾದವನು’ ಎಂಬ ಪದಕ್ಕೆ, ಬೇರೆಯೇ ಬದುಕಿದೆ. ಅಲೆಹಾಂದ್ರೊ ಗಲಿಂದೊ ನಿರ್ದೇಶಿಸಿ 1955ರಲ್ಲಿ ತೆರೆಕಂಡ ‘ಎಸ್ಪಾಲ್ದಾಸ್ ಮೊಹಾದಾಸ್’ ಚಿತ್ರ ಗಡಿ ದಾಟಿದವನ ನೋವಿನ ಕಥೆ. ‘ಲೋಸ್ ತಿಗ್ರೆಸ್ ದೆಲ್ ನೋರ್ತೆ’ ಎಂಬ ಹಾಡುಗಾರರ ತಂಡ ‘ಮೊಹಾದೊ’ಗಳಿಗೆ ಜೈಕಾರ ಹಾಕಿ ಹಾಡಿತು. ಎಲ್ ಸಾಲ್ವಡಾರ್‌ನಿಂದ ಹೊರಟು ಮೂರು ಗಡಿ ದಾಟಿದವನೊಬ್ಬ, ತಾನು ಮೂರು ಸಲ ಒದ್ದೆಯಾದವನು ಎಂದು ಹೇಳಿಕೊಳ್ಳುವ ಹಾಡೂ ಆ ತಂಡದ್ದೇ. ಇವನ್ನೆಲ್ಲ ಇಂಗ್ಲಿಷ್ ಬೈಗುಳದ ನಮೂದಿನ ಕೊನೆಗೆ ಬಾಲಂಗೋಚಿಯಾಗಿ ಕಟ್ಟಬಾರದು. ‘ಮೊಹಾದೊ’ಗೆ ಪ್ರತ್ಯೇಕ ನಮೂದು ಬೇಕು. ಅದನ್ನು ಬರೆಯುವವರಿಗೆ ಸ್ಪ್ಯಾನಿಷ್ ಬರಬೇಕು, ಆ ಹಾಡುಗಳನ್ನು ಕೇಳಿರಬೇಕು.

2013ರ ಮಾರ್ಚ್‌ನಲ್ಲಿ ಅಲಾಸ್ಕದ ಸಂಸದ ಡಾನ್ ಯಂಗ್ ರೇಡಿಯೊ ಸಂದರ್ಶನವೊಂದರಲ್ಲಿ, ತನ್ನ ತಂದೆಯ ತೋಟದಲ್ಲಿ ಟೊಮೆಟೊ ಕೀಳಲು ಇಂಥ 50–60 ಮಂದಿ ಇದ್ದರೆಂದು ‘ವೆಟ್‌ಬ್ಯಾಕ್’ ಪದವನ್ನೇ ಬಳಸಿ ಹೇಳಿದರು. ಅವರ ಪಕ್ಷದವರೇ ಖಂಡಿಸಿದ ಮೇಲೆ ಕ್ಷಮೆ ಕೇಳಿದರು. ಮಧ್ಯ ಕ್ಯಾಲಿಫೋರ್ನಿಯಾದ ತೋಟದಲ್ಲಿ ಬೆಳೆಯುವಾಗ ಎಲ್ಲರೂ ಹಾಗೇ ಅನ್ನುತ್ತಿದ್ದರು ಎಂಬುದು ಅವರ ವಿವರಣೆ. ನಮೂದಿನಲ್ಲಿ ಕ್ಷಮೆಯ ಸುದ್ದಿಗೆ ಒಂದು ಸಾಲು ಸಾಕು. ಆ ತೋಟಗಳಲ್ಲಿ ಯಾರು, ಯಾವ ಕಾಯ್ದೆಯ ನೆರಳಿನಲ್ಲಿ, ಯಾರನ್ನು ದುಡಿಸಿಕೊಳ್ಳುತ್ತಿದ್ದರು ಎಂಬುದಕ್ಕೆ ಪುಟ ಬೇಕು.