ಬರ್ಮಿಂಗ್‌ಹ್ಯಾಮಿನ ವಾಯುಕೋವಿ

ಬರ್ಮಿಂಗ್‌ಹ್ಯಾಮ್ ನಗರದ ಕೋವಿಗಾರನಾದ ಲಿಂಕನ್ ಜೆಫ್ರೀಸನು 1904ರಲ್ಲಿ ಪೇಟೆಂಟು ಪಡೆದ, ಮರುವರ್ಷದಿಂದ ಬಿ.ಎಸ್.ಎ. ಎಂಬ ಶಸ್ತ್ರಾಸ್ತ್ರ ಕಾರ್ಖಾನೆಯಲ್ಲಿ ನಿರ್ಮಾಣಗೊಂಡ ವಾಯುಕೋವಿಯು, ಅದುವರೆಗೆ ಬಹುಮಟ್ಟಿಗೆ ಬಾಲಕರ ಆಟಿಕೆಯೆಂದೇ ಎಣಿಸಲ್ಪಟ್ಟಿದ್ದ ಯಂತ್ರಕ್ಕೆ ಗುರಿಕಾರರ ಗೌರವವನ್ನು ತಂದುಕೊಟ್ಟಿತು. ನಳಿಕೆಯಡಿಯ ಸನ್ನೆಯನ್ನೆಳೆದು ಕುಗ್ಗಿಸಿದ ಉಕ್ಕಿನ ಸುರುಳಿಯು, ಟ್ರಿಗರನ್ನೊತ್ತಿದೊಡನೆ ಚಿಮ್ಮಿ, ಪಿಸ್ಟನ್ನಿನ ಮೂಲಕ ಕೋಶದೊಳಗಣ ಗಾಳಿಯನ್ನು ಸಂಕೋಚಿಸಿ ಸೀಸದ ಗುಂಡನ್ನು ಹೊರದೂಡುವುದು. ನಳಿಕೆಯು ಮಡಿಚದೆ ಸ್ಥಿರವಾಗಿರುವುದೇ ಅದರ ಗುರಿಯ ನಿಖರತೆಗೆ ಮುಖ್ಯ ಕಾರಣ. ಆ ಪ್ರಾಂತದ ಪಾನಗೃಹಗಳಲ್ಲಿ, 6 ಗಜ ದೂರದ ಉಕ್ಕಿನ ಫಲಕದ ಕಿರುರಂಧ್ರದೊಳಗೆ ಗುಂಡು ತೂರಿಸಿ ಹಿಂದಿನ ಗಂಟೆಯನ್ನು ಬಾರಿಸುವ ಸ್ಪರ್ಧೆಯು ಶ್ರಮಜೀವಿಗಳ ಸಂಜೆಯ ವಿನೋದವಾಯಿತು.

ಇಂದು ಇಂಥ ಹಳೆಯ ಕೋವಿಯನ್ನು ಕೊಳ್ಳಲೆಳಸುವವನು ಮರದ ಹಿಡಿಯ ಹೊಳಪಿಗೆ ಮರುಳಾಗದೆ, ಗುಂಡು ತುಂಬುವ ಶಂಕುವಿನಾಕಾರದ ತಿರುಗಣೆಯು ತನ್ನ ಗೂಡಿನಲ್ಲಿ ಬಿಗಿಯಾಗಿ ಕೂಡುವುದೇ ಎಂಬುದನ್ನು ಮೊದಲು ಪರೀಕ್ಷಿಸತಕ್ಕದ್ದು. ಏಕೆಂದರೆ ಸುರುಳಿಯನ್ನೂ ಪಿಸ್ಟನ್ನಿನ ಚರ್ಮದ ಬಿಲ್ಲೆಯನ್ನೂ ಬದಲಿಸುವುದು ಸುಲಭ, ಸವೆದ ತಿರುಗಣೆಯಿಂದ ಸೋರುವ ಗಾಳಿಯನ್ನು ತಡೆಯುವುದು ನುರಿತ ಕುಶಲಿಗೂ ಕಷ್ಟಸಾಧ್ಯ. ಚರ್ಮವು ಒಣಗಿದರೆ ಬಲವು ಕುಂದುವುದರಿಂದ ಆಗಾಗ ಕೆಲವೇ ಹನಿ ಎಣ್ಣೆಯನ್ನುಣಿಸಬೇಕು; ಹೆಚ್ಚಿದರೆ ಸಂಕೋಚದ ಶಾಖಕ್ಕೆ ಅದೇ ಹೊತ್ತಿಕೊಳ್ಳುವ ಭಯವುಂಟು. ಗುಂಡಿಲ್ಲದೆ ಹಾರಿಸುವುದಂತೂ, ನನ್ನ ದೃಷ್ಟಿಯಲ್ಲಿ, ಶತಮಾನ ಬಾಳಿದ ಸಾಧನಕ್ಕೆಸಗುವ ಕ್ರೌರ್ಯವೇ ಸರಿ: ಎದುರೊತ್ತುವ ಗಾಳಿಯ ಆಸರೆ ತಪ್ಪಿದ ಪಿಸ್ಟನ್ನು ಕೋಶದ ತುದಿಗೆ ನೇರವಾಗಿ ಅಪ್ಪಳಿಸುವುದು.