ಸಂಪಿಗೆ ರಸ್ತೆ, ದವನದ ಎಣ್ಣೆ ಮತ್ತು ಶುಗರ್ ಮಾತ್ರೆ

ಮೊನ್ನೆ ದವನದ ಕಟ್ಟು ಹಾಕೋಕೆ ಮಲ್ಲೇಶ್ವರದ ಸಂಪಿಗೆ ರಸ್ತೆಗೆ ಹೋಗಿದ್ದೆ. ಹೂವು ಮಾರೋ ಅಕ್ಕ ಒಬ್ಬರು ಕೇಳಿದರು: "ಅಣ್ಣ, ದವನದ ಎಣ್ಣೆ ದಿನಾ ನಾಲ್ಕು ತೊಟ್ಟು ಕುಡಿದರೆ ಶುಗರ್ ಹೋಗುತ್ತಂತೆ. ಎರಡು ವಾರದಿಂದ ಮಾತ್ರೆ ಬಿಟ್ಟಿದ್ದೀನಿ. ನಿಮ್ಮ ಹತ್ರ ಎಣ್ಣೆ ಸಿಗುತ್ತಾ?" ನನ್ನ ಎದೆ ಧಸಕ್ ಅಂತು. ಬೆಳೆಯೋರು ನಾವು, ನಮ್ಮ ಬೆಳೆ ಹೆಸರು ನಂಬಿ ಒಬ್ಬರು ಮಾತ್ರೆ ಬಿಟ್ಟಿದ್ದಾರೆ. ಅದಕ್ಕೇ ಈ ಎಣ್ಣೆಗಳ ಕಥೆ ಬರೀತಿದ್ದೀನಿ.

1898ರ ಪ್ಲೇಗ್ ಆದಮೇಲೆ ಬೆಳೆದ ಬಡಾವಣೆ ಮಲ್ಲೇಶ್ವರ. ಅಲ್ಲಿ ಸಂಪಿಗೆ ರಸ್ತೆ ಪಕ್ಕದಲ್ಲೇ ಮಾರ್ಗೋಸಾ ರಸ್ತೆ ಇದೆ. ಮಾರ್ಗೋಸಾ ಅಂದ್ರೆ ನಮ್ಮ ಬೇವು. ಎರಡು ಮರ, ಎರಡು ಜಾತಿ ಎಣ್ಣೆ. ಬೇವಿನ ಬೀಜ ಗಾಣಕ್ಕೆ ಹಾಕಿ ಹಿಂಡಿದರೆ ಬರೋದು ಜಿಡ್ಡಿನ ಎಣ್ಣೆ, ಬಟ್ಟೆ ಮೇಲೆ ಬಿದ್ದರೆ ಕಲೆ ಉಳಿಯುತ್ತೆ. ಸಂಪಿಗೆ, ದವನ, ಮಜ್ಜಿಗೆಹುಲ್ಲಿನಲ್ಲಿ ಇರೋದು ಗಾಳಿಗೆ ಹಾರಿಹೋಗೋ ಸುಗಂಧ ತೈಲ. ದವನ, ಮಜ್ಜಿಗೆಹುಲ್ಲಿಂದ ಅದನ್ನ ಹಬೆ ಕೊಟ್ಟು ಭಟ್ಟಿ ಇಳಿಸಿ ತೆಗೀತಾರೆ. ನೂರು ಕೆಜಿ ಹಸಿ ದವನ ಹಾಕಿದರೂ ಅರ್ಧ ಕೆಜಿ ಎಣ್ಣೆ ಬರಲ್ಲ. ಅಷ್ಟು ಗಟ್ಟಿ ಸರಕು ಅದು.

ಈ ಭಟ್ಟಿ ವಿದ್ಯೆ ನಮ್ಮಲ್ಲಿ ದೊಡ್ಡದಾಗಿ ಬೆಳೆದದ್ದೂ ಅಲ್ಲೇ ಹತ್ತಿರ. ಮೈಸೂರು ಸಂಸ್ಥಾನದ ಗಂಧದ ಕೊರಡು ಯುರೋಪಿಗೆ ಹೋಗಿ, ಅಲ್ಲಿ ಎಣ್ಣೆ ಆಗ್ತಿತ್ತು. 1914ರಲ್ಲಿ ಯುದ್ಧ ಶುರುವಾಗಿ ಆ ವ್ಯಾಪಾರ ನಿಂತುಹೋಯ್ತು. ಆಗ ಕೈಗಾರಿಕೆ ಇಲಾಖೆಯ ಆಲ್ಫ್ರೆಡ್ ಚಾಟರ್ಟನ್, ಟಾಟಾ ಇನ್‌ಸ್ಟಿಟ್ಯೂಟಿನ ಸಡ್‌ಬರೋ ಮತ್ತು ವಾಟ್ಸನ್ ಸೇರಿ ಇಲ್ಲೇ ಗಂಧದೆಣ್ಣೆ ಇಳಿಸೋ ಕೆಲಸ ಕೈಗೆತ್ತಿಕೊಂಡರು. 1916ರಲ್ಲಿ ಬೆಂಗಳೂರಲ್ಲಿ ಕಾರ್ಖಾನೆ, ಆಮೇಲೆ ಮೈಸೂರಲ್ಲಿ. ಈಗ ಸಂಪಿಗೆ ರಸ್ತೆ ಸ್ಟೇಷನ್ನಲ್ಲಿ ಮೆಟ್ರೋ ಹತ್ತಿದರೆ ಐದನೇ ಸ್ಟೇಷನ್ನೇ ಸ್ಯಾಂಡಲ್ ಸೋಪ್ ಫ್ಯಾಕ್ಟರಿ.

ಆ ಕಾಲದಲ್ಲಿ ಗಂಧದೆಣ್ಣೆ ಬರೀ ಸೋಪು ಸೆಂಟಿಗಲ್ಲ. ಗೊನೋರಿಯಾ ಅನ್ನೋ ಗುಪ್ತರೋಗಕ್ಕೆ ಯುರೋಪಿನ ಡಾಕ್ಟರುಗಳೇ ಅದನ್ನ ಹೊಟ್ಟೆಗೆ ಕೊಡ್ತಿದ್ರು. 1930ರ ದಶಕದಲ್ಲಿ ಸಲ್ಫಾ ಮಾತ್ರೆ, 1940ರ ದಶಕದಲ್ಲಿ ಪೆನಿಸಿಲಿನ್ ಬಂದಮೇಲೆ ಆ ಪದ್ಧತಿ ಬಿದ್ದುಹೋಯ್ತು. ಗಂಧದ ಬೆಲೆ ಬೀಳಲಿಲ್ಲ, ಅದು ವಾಸನೆಯಿಂದಲೇ ಬದುಕಿತು.

ಇನ್ನು ನಮ್ಮ ದವನ. ಶುಗರ್ ವಿಚಾರಕ್ಕೆ ಇದರ ಹೆಸರು ಬಂದಿದ್ದು ಸುಳ್ಳಲ್ಲ. ಕೇರಳದ ಪಾಲೋಡಿನ ಸಸ್ಯೋದ್ಯಾನದ ವಿಜ್ಞಾನಿಗಳು 1996ರಲ್ಲಿ ಒಂದು ಪರೀಕ್ಷೆ ಪ್ರಕಟಿಸಿದ್ದಾರೆ. ದವನದ ಸಾರ ಕೊಟ್ಟಾಗ ರಕ್ತದ ಸಕ್ಕರೆ ಇಳೀತು. ಆದರೆ ಎರಡು ಮಾತು ನೆನಪಿರಲಿ. ಇಳಿದದ್ದು ಇಲಿಗಳಲ್ಲಿ. ಕೊಟ್ಟದ್ದು ಮೆಥನಾಲಲ್ಲಿ ತೆಗೆದ ಸಾರ, ಭಟ್ಟಿ ಎಣ್ಣೆ ಅಲ್ಲ. ಹಬೆ ಜೊತೆ ಹಾರಿ ಬರೋದು ಎಣ್ಣೆಗೆ ಸೇರುತ್ತೆ, ಹಾರದ್ದು ಹಂಡೆಯಲ್ಲೇ ಉಳಿಯುತ್ತೆ. ಮಧುನಾಶಿನಿಯ ಜಿಮ್ನೆಮಿಕ್ ಆಮ್ಲ, ಮೆಂತ್ಯದ ನಾರು ಎರಡೂ ಹಾರೋ ವಸ್ತುಗಳಲ್ಲ. ಗಿಡದ ಗುಣವೆಲ್ಲ ಎಣ್ಣೆಗೆ ಇಳಿಯುತ್ತೆ ಅನ್ನೋದೇ ತಪ್ಪು ಲೆಕ್ಕ.

ಹಾಗಂತ ಗಿಡದಿಂದ ಮದ್ದೇ ಬರಲ್ಲ ಅಂತಲ್ಲ. ಆ ಅಕ್ಕ ಬಿಟ್ಟ ಮಾತ್ರೆ ಮೆಟ್‌ಫಾರ್ಮಿನ್. ಅದರ ಮೂಲ ಯುರೋಪಿನ ಗಲೇಗಾ ಅನ್ನೋ ಗಿಡ, ಕುರಿ ಮೇಯ್ದರೆ ವಿಷ. ಅದರಲ್ಲಿದ್ದ ವಸ್ತುವಿನ ಜಾಡು ಹಿಡಿದು ಸೌಮ್ಯವಾದ ಸಂಬಂಧಿ ತಯಾರಿಸಿ, 1957ರಲ್ಲಿ ಫ್ರಾನ್ಸಿನ ಡಾಕ್ಟರ್ ಜೀನ್ ಸ್ಟರ್ನ್ ರೋಗಿಗಳಿಗೆ ಕೊಟ್ಟ ಫಲಿತಾಂಶ ಪ್ರಕಟಿಸಿದರು. ಗಿಡದಿಂದ ಮಾತ್ರೆಗೆ ಅಷ್ಟು ದಾರಿ ನಡೀಬೇಕು. ದವನ ಇನ್ನೂ ಮೊದಲ ಮೈಲಿಗಲ್ಲಲ್ಲಿದೆ.

ಆ ಅಕ್ಕನಿಗೆ ಹೇಳಿದೆ: "ಎಣ್ಣೆ ಕುಡೀಬೇಡಿ ಅಕ್ಕ. ಇವತ್ತೇ ಹೋಗಿ ರಕ್ತ ಪರೀಕ್ಷೆ ಮಾಡಿಸಿ, ಡಾಕ್ಟರ್ ಹತ್ರ ಮಾತ್ರೆ ಬಿಟ್ಟಿದ್ದು ಮುಚ್ಚಿಡದೆ ಹೇಳಿ." ದವನ ಹಾರಕ್ಕೆ ಕಟ್ಟಿಕೊಂಡು ನಕ್ಕರು, ಹೋಗ್ತೀನಿ ಅಂದರು.

ನಮ್ಮ ಕಡೆ ದವನ, ಮಜ್ಜಿಗೆಹುಲ್ಲು ಹಾಕಿರೋರಿಗೆ ಒಂದೇ ಮಾತು. ಎಣ್ಣೆ ವಾಸನೆಗೆ ಮಾರಿ, ಒಳ್ಳೆ ರೇಟಿಗೆ ಮಾರಿ. ಶುಗರ್ ಮದ್ದು ಅಂತ ಸೀಸೆಗೆ ತುಂಬಿ ಕೊಡಬೇಡಿ. ಮನೇಲಿ ಯಾರಾದರೂ ಮಾತ್ರೆ ಬಿಟ್ಟಿದ್ದರೆ ಇವತ್ತೇ ಕೇಳಿ ನೋಡಿ.